ಫಿನ್ನಿಷ್ ಭಾಷೆಯ 'ಪೈತ'ಕ್ಕೂ ಗೋಥಿಕ್‌ನ 'ಪೈದ'ಕ್ಕೂ ನಂಟಿದೆಯೇ?

ಹೌದು, ಇದು ಎರವಲಿನ ನಂಟು. ಫಿನ್ನಿಷ್‌ನಲ್ಲಿ ಅಂಗಿಗೆ 'ಪೈತ' ಎನ್ನುತ್ತಾರೆ. ಫಿನ್ನಿಷ್ ಯುರಾಲಿಕ್ ಕುಟುಂಬದ ಭಾಷೆಯಾದರೂ ಅದರ ಪೂರ್ವರೂಪವನ್ನಾಡುತ್ತಿದ್ದವರು ಬಾಲ್ಟಿಕ್ ಸಮುದ್ರದ ಆಸುಪಾಸಿನಲ್ಲಿ ಜರ್ಮ್ಯಾನಿಕ್ (ಇಂಗ್ಲಿಷ್, ಜರ್ಮನ್ ಮತ್ತು ಈಗ ಅಳಿದಿರುವ ಗೋಥಿಕ್ ಸೇರಿದ ಕುಟುಂಬ) ಭಾಷಿಕರೊಡನೆ ಬಹುಕಾಲ ಒಡನಾಡಿದ್ದರಿಂದ, ರಾಜ ಎಂಬರ್ಥದ 'ಕುನಿಂಗಸ್'ನಂತೆ ಈ ಪದವೂ ಅಲ್ಲಿಂದಲೇ ಬಂದಿತು.

ಮೂಲ ಜರ್ಮ್ಯಾನಿಕ್ ರೂಪವನ್ನು ಭಾಷಾವಿಜ್ಞಾನಿಗಳು 'ಪೈದೋ' ಎಂದು ಪುನಾರಚಿಸುತ್ತಾರೆ. 4ನೆಯ ಶತಮಾನದ ಗೋಥಿಕ್ ಬೈಬಲ್ ಅನುವಾದದಲ್ಲಿ ಒಳ ಅಂಗಿಗೆ ಬಳಸಿರುವ 'ಪೈದ', ಹಳೆಯ ಇಂಗ್ಲಿಷಿನ 'ಪಾದ್' ಮತ್ತು ಹಳೆಯ ಹೈ ಜರ್ಮನ್‌ನ 'ಪ್ಫೈಟ್' ಇದೇ ಮೂಲದವು; ಕೊನೆಯದರಲ್ಲಿ ಮೊದಲಿನ ಪಕಾರವು 'ಪ್ಫ' ಆಗಿರುವುದು ಆ ಭಾಷೆಯ ನಿಯತ ಧ್ವನಿಪಲ್ಲಟ. ಇಂಗ್ಲಿಷಿನಲ್ಲಿ ಪದ ಅಳಿದುಹೋಗಿದೆ, ಬವೇರಿಯಾದ ಆಡುಮಾತಿನಲ್ಲಿ ಮಾತ್ರ 'ಪ್ಫೋಅಡ್' ಎಂದು ಉಳಿದಿದೆ.

ಫಿನ್ನಿಷ್‌ನ ಷಷ್ಠಿ ರೂಪ 'ಪೈದನ್' ಎಂದಿರುವುದನ್ನು ಕಂಡು, ಗೋಥಿಕ್ ದಕಾರವೇ ಅಲ್ಲಿ ಉಳಿದಿದೆಯೆಂದು ಭಾವಿಸಬಾರದು, ಏಕೆಂದರೆ ಅದು ಫಿನ್ನಿಷ್‌ನದೇ ಆದ ವ್ಯಂಜನ ಬದಲಾವಣೆಯ ಫಲ.

ಇದೇ ಪದಕ್ಕೆ ನಂಟಿರಬಹುದಾದ, ಕುರುಬರ ಚರ್ಮದ ಹೊದಿಕೆಯನ್ನು ಸೂಚಿಸುವ ಗ್ರೀಕ್‌ನ 'ಬೈತೇ' ಇನ್ನೂ ಸ್ವಾರಸ್ಯಕರ. ಪದಾದಿಯ ಪಕಾರವು ಹಳೆಯ ಜರ್ಮ್ಯಾನಿಕ್ ಪದಗಳಲ್ಲಿ ವಿರಳವಾದ್ದರಿಂದ, ಜರ್ಮ್ಯಾನಿಕ್ ಕೂಡ 'ಪೈದೋ' ಪದವನ್ನು ಬೇರೆಡೆಯಿಂದ ಪಡೆದಿರಬೇಕೆಂದು ಹಲವರು ಊಹಿಸುತ್ತಾರೆ. ನನಗೂ ಇದೇ ಸಮಂಜಸವೆನಿಸುತ್ತದೆ.

ನಮ್ಮ ಪೈಠಣಿ ಸೀರೆಗೆ ಇದರೊಡನೆ ಸಂಬಂಧವಿಲ್ಲ. ಅದರ ಹೆಸರು ಗೋದಾವರಿ ದಂಡೆಯ ಪೈಠಣ ಊರಿನಿಂದ ಬಂದದ್ದು.