ಸ್ಪೀಡ್ 12ರ ಡ್ರೈವರನ್ನು ಸದ್ಯಕ್ಕೆ ಅಟ್ಟದ ಮೇಲಿಡಿ

ದಾವಣಗೆರೆಯ ಸ್ನೇಹಿತರು ಬೆಳಿಗ್ಗೆ ಹಾಕಿದ ವಿಡಿಯೊವನ್ನು ಮೂರು ಸಲ ನೋಡಿದೆ. ತಟ್ಟೆಯಂಥ ಡಿಸ್ಕನ್ನು ಎಸೆದು ಬುಟ್ಟಿಗೆ ಹಾಕುವ ಡಿಸ್ಕ್ ಗಾಲ್ಫ್ ಆಟಕ್ಕೆಂದು ಮೊದಲ ಡಿಸ್ಕ್ ಆಗಿ 175 ಗ್ರಾಂ ತೂಕದ ಡೆಸ್ಟ್ರಾಯರ್ ತರಿಸಿದ್ದಾರೆ; ಅದು ದೂರದ ಎಸೆತಕ್ಕಿರುವ ವೇಗದ ಡಿಸ್ಕ್, ಅಂದರೆ ಡ್ರೈವರ್. ಅದು ಮೂವತ್ತು ಮೀಟರ್ ದಾಟುವುದರೊಳಗೆ ಎಡಕ್ಕೆ ವಾಲಿ ನೆಲ ಕಚ್ಚುತ್ತಿದೆಯೆಂದೂ, ತೋಳಿಗೆ ಬಲ ಬರಲು ಯಾವ ವ್ಯಾಯಾಮ ಮಾಡಬೇಕೆಂದೂ ಕೇಳಿದ್ದಾರೆ. ದಯವಿಟ್ಟು ತೋಳನ್ನು ದೂರಬೇಡಿ. ಇದೇ ತಪ್ಪನ್ನು ಎಂಟು ತಿಂಗಳು ಮಾಡಿ ಮೊಣಕೈ ನೋವು ತಂದುಕೊಂಡವನು ನಾನು. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಡೆಸ್ಟ್ರಾಯರಿಗೆ ಅದರ ತಯಾರಕರಾದ ಇನ್ನೋವಾದವರು ಕೊಟ್ಟಿರುವ ಅಂಕಿಗಳು ಸ್ಪೀಡ್ (ವೇಗ) 12, ಗ್ಲೈಡ್ (ತೇಲುವಿಕೆ) 5, ಟರ್ನ್ -1, ಫೇಡ್ 3. ಮೊದಲನೆಯದನ್ನು ನಾನು ಡಿಸ್ಕ್ ಕೊಡುವ ವೇಗವೆಂದು ಓದಿಕೊಂಡಿದ್ದೆ. ಅದು ಡಿಸ್ಕ್ ನಮ್ಮಿಂದ ಕೇಳುವ ವೇಗ. ಅಷ್ಟನ್ನು ಕೊಡದಿದ್ದರೆ ಟರ್ನ್, ಅಂದರೆ ಹಾರಾಟದ ಮೊದಲಲ್ಲಿ ಬಲಕ್ಕೆ ಹೊರಳುವುದು, ಕಾಣಿಸಿಕೊಳ್ಳುವುದೇ ಇಲ್ಲ; ಕೊನೆಯಲ್ಲಿ ವೇಗ ತಗ್ಗಿದಾಗ ಬರಬೇಕಾದ ಎದುರು ದಿಕ್ಕಿನ ವಾಲಿಕೆ, ಅಂದರೆ ಫೇಡ್, ಮೊದಲೇ ಬಂದು ಕೂರುತ್ತದೆ. ಬಲಗೈಯನ್ನು ಎದೆಗೆ ಅಡ್ಡವಾಗಿ ಒಯ್ದು ಎಸೆಯುವ ಬ್ಯಾಕ್‌ಹ್ಯಾಂಡಿನವರಿಗೆ ಅದು ಎಡಗಡೆಯೇ. ಇನ್ನು ತೂಕ: ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮಿತಿಯೆಂಬ ನಿಯಮದಂತೆ ಆ ಡಿಸ್ಕಿಗೆ 175 ಗ್ರಾಂ ಎಂದರೆ ಹೆಚ್ಚುಕಡಿಮೆ ಗರಿಷ್ಠ ತೂಕ. ಮೊದಲ ದಿನವೇ ಅದನ್ನು ಕೈಗೆತ್ತಿಕೊಳ್ಳುವ ಅಗತ್ಯವೇನಿತ್ತು?

ಚಿತ್ರದುರ್ಗದ ಹೊರಗೆ ಶೇಂಗಾ ಕಿತ್ತ ಹೊಲವೊಂದರಲ್ಲಿ ನಾನು ದಿನವೂ ಸಂಜೆ ಎಸೆಯುತ್ತಿದ್ದೆ. ಎಡಕ್ಕೆ ಹೋಗುತ್ತದೆಂದು ಡಿಸ್ಕಿನ ಬಲ ಅಂಚನ್ನು ತಗ್ಗಿಸಿ ಬಿಟ್ಟೆ, ಎತ್ತರ ಸಾಲದೆಂದು ಮುಂದಿನ ಅಂಚನ್ನು ಎತ್ತಿದೆ, ಸಾಲದ್ದಕ್ಕೆ ಓಡಿಬಂದು ಎಸೆದೆ. ಒಂದು ದಿನ ಎದುರು ಬದುವಿನ ಮೇಲೆ ಕುಳಿತು ಕುರಿ ಕಾಯುತ್ತಿದ್ದ ಹಿರಿಯರು, “ಕೈ ಬಿಡಾವಾಗ್ಲೇ ಅದರ ಹೊಟ್ಟಿ ಕಾಣ್ತತಲ್ಲ ತಮ್ಮಾ” ಎಂದರು. ಮೂಗು, ಅಂದರೆ ಮುಂದಿನ ಅಂಚು, ಮೇಲೆದ್ದ ಡಿಸ್ಕಿನ ಲಕ್ಷಣವನ್ನು ಇದಕ್ಕಿಂತ ಸರಿಯಾಗಿ ಯಾರೂ ನನಗೆ ಹೇಳಿರಲಿಲ್ಲ. ನಿಮ್ಮ ವಿಡಿಯೊದಲ್ಲಿಯೂ ಹೊಟ್ಟೆ, ಅಂದರೆ ಡಿಸ್ಕಿನ ತಳಭಾಗ, ಕಾಣುತ್ತಿದೆ. ಏರಿ, ಗಾಳಿಯಲ್ಲಿ ನಿಂತಂತಾಗಿ, ಎಡಕ್ಕೆ ಜಾರುತ್ತಿರುವುದು ಅದರಿಂದಲೇ.

ನನಗೆ ಫಲ ಕೊಟ್ಟದ್ದು ಮೂರು ತಿಂಗಳು ಪಟ್ಟರ್ (ಹತ್ತಿರದ ಎಸೆತಕ್ಕಿರುವ ನಿಧಾನ ವೇಗದ ಡಿಸ್ಕ್) ಒಂದನ್ನೇ ನಿಂತಲ್ಲಿಂದ ಎಸೆದದ್ದು. ಕಾಲನ್ನು ಹಿಂದಿನಿಂದ ಅಡ್ಡಹಾಕಿ ಮುಂದೆ ಬರುವ ಎಕ್ಸ್-ಸ್ಟೆಪ್ ಬೇಡ. ಇಪ್ಪತ್ತೈದು ಹೆಜ್ಜೆ ದೂರದಲ್ಲಿ ಕೋಲು ನೆಟ್ಟು, ಎದೆಯ ಎತ್ತರ ಮೀರದಂತೆ ಎಸೆಯಿರಿ. ಮಣಿಕಟ್ಟು ಮೇಲಕ್ಕೆ ಮಡಚಿದ್ದರೆ ಮೂಗು ಏಳುತ್ತದೆ; ಸುತ್ತಿಗೆಯನ್ನು ಮೊಳೆಯ ಮೇಲೆ ಇಳಿಸುವ ಕ್ಷಣದಲ್ಲಿರುವಂತೆ ತುಸು ಕೆಳಮುಖವಾಗಿರಲಿ. ಮೊಬೈಲನ್ನು ಹಿಂದೆ ಇಡದೆ ಕೋಲಿನ ಪಕ್ಕದಲ್ಲಿಡಿ, ಹೊಟ್ಟೆ ಕಾಣುವುದು ಅಲ್ಲಿಂದಲೇ. ಪಟ್ಟರ್ ತೂಗಾಡುತ್ತ ಹೋದರೆ ಹಿಡಿತವೋ ಬಿಡುವ ಕೋನವೋ ತಪ್ಪಿದೆಯೆಂದು ತಕ್ಷಣ ತಿಳಿಯುತ್ತದೆ. ವೇಗದ ಡ್ರೈವರ್ ಆ ತಪ್ಪನ್ನು ಫೇಡಿನೊಳಗೆ ಮುಚ್ಚಿಡುತ್ತದೆ.

ಆದರೆ ಈ ಅಭ್ಯಾಸವನ್ನು ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ ಮಾಡಬೇಕು. ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವ ಊರು ನಮ್ಮದು. ಆಷಾಢದ ಎದುರುಗಾಳಿಗೆ ಸರಿಯಾಗಿ ಬಿಟ್ಟ ಪಟ್ಟರ್ ಕೂಡ ಬಲಕ್ಕೆ ಮಗುಚಿಕೊಳ್ಳುತ್ತದೆ, ಹಿಂಗಾಳಿಯಲ್ಲಿ ಬೇಗನೆ ಕುಸಿಯುತ್ತದೆ. ಅದನ್ನು ನೋಡಿ ಕೈ ತಿದ್ದಿಕೊಳ್ಳಲು ಹೋಗಬೇಡಿ.

ಕೊಳ್ಳುವುದಾದರೆ ಇನ್ನೋವಾದ ಡಿಎಕ್ಸ್ ಎಂಬ ಪ್ಲಾಸ್ಟಿಕ್ಕಿನ ಏವಿಯಾರ್ ಪಟ್ಟರ್ ಸಾಕು. ಅವರದೇ ಚಾಂಪಿಯನ್ ಎಂಬ ಪ್ಲಾಸ್ಟಿಕ್ ಬೆವರುಗೈಗೆ ಜಾರುತ್ತದೆಂಬುದು ನನ್ನ ಅನುಭವ. ಡಿಎಕ್ಸ್ ನಮ್ಮ ಬಂಡೆಗಳಿಗೆ ಬಡಿದು ಬೇಗ ಸವೆಯುತ್ತದೆ, ನಿಜ, ಆದರೆ ಸವೆದಂತೆ ಟರ್ನ್ ಹೆಚ್ಚುವುದರಿಂದ ಹಳೆಯದನ್ನು ಕಸಕ್ಕೆ ಹಾಕಬೇಡಿ. ಎರಡನೆಯದು ಡಿಸ್ಕ್‌ಕ್ರಾಫ್ಟ್ ಕಂಪನಿಯ ಬಝ್ ಎಂಬ ಮಧ್ಯಮ ದೂರದ ಡಿಸ್ಕ್ ಆಗಲಿ. ಆಮೇಲೆ ಬೇಕಿದ್ದರೆ 150 ಗ್ರಾಂ ಆಸುಪಾಸಿನ ಲೆಪರ್ಡ್ ಎಂಬ ಕಡಿಮೆ ವೇಗದ ಡ್ರೈವರ್. ಹತ್ತು ಡಿಸ್ಕಿನ ಸೆಟ್ ತರಿಸಿ ಫೋಟೊ ಹಾಕುವವರನ್ನು ಈ ಗುಂಪಿನಲ್ಲಿ ಸಾಕಷ್ಟು ನೋಡಿದ್ದೇವೆ.

ಬಣ್ಣ ನಸುನೀಲಿಯೋ ಗುಲಾಬಿಯೋ ಇರಲಿ; ಕಿತ್ತಳೆ ಬಣ್ಣದ್ದು ನಮ್ಮ ಕೆಂಪು ನೆಲದಲ್ಲಿ ಕಣ್ಣೆದುರೇ ಮಾಯವಾಗುತ್ತದೆ. ಕುಂದವಾಡ ಕೆರೆಯ ಕಡೆ ಎಸೆಯುವ ಯೋಚನೆಯಿದ್ದರೆ ಬಿಟ್ಟುಬಿಡಿ, ಅಲ್ಲಿ ವಾಯುವಿಹಾರದವರಿರುತ್ತಾರೆ, ನೀರಿಗೆ ಬಿದ್ದ ಡಿಸ್ಕ್ ಸಾಮಾನ್ಯವಾಗಿ ಮುಳುಗುತ್ತದೆ. ಮೆಕ್ಕೆಜೋಳ ಕಟಾವಾದ ಹೊಲವಿದ್ದರೆ ಮಾಲೀಕರನ್ನು ಕೇಳಿಕೊಂಡು ಬಳಸಿ. ಕೂಳೆ ಚುಚ್ಚುತ್ತದೆ, ಚಪ್ಪಲಿಯಲ್ಲಿ ಹೋಗಬೇಡಿ. ಮುಂದಿನ ವಿಡಿಯೊ ಪಟ್ಟರಿನದ್ದಾಗಿರಲಿ, ಕೋಲಿನ ಕಡೆಯಿಂದ ತೆಗೆದದ್ದು.