ಎಸಿ ಬೋಗಿ ಹತ್ತಿದ ಕೂಡಲೇ ಸಿಗ್ನಲ್ ಯಾಕೆ ಹೋಗುತ್ತದೆ?

ಪ್ರಶ್ನೆ: ಕೊಪ್ಪಳದಿಂದ ಬೆಂಗಳೂರಿಗೆ ನಾವು ಹಂಪಿ ಎಕ್ಸ್‌ಪ್ರೆಸ್‌ನಲ್ಲೇ ಓಡಾಡುತ್ತೇವೆ. ಸ್ಲೀಪರ್‌ನಲ್ಲಿ ಫೋನ್ ತಕ್ಕಮಟ್ಟಿಗೆ ನಡೆಯುತ್ತದೆ. ಈಚೆಗೆ ಅಪ್ಪನ ಸಲುವಾಗಿ ಎಸಿ ಬೋಗಿಯಲ್ಲಿ ಹೋದರೆ, ಅದೇ ಫೋನು, ಅದೇ ಸಿಮ್ಮು, ಗಿಣಿಗೇರಾ ದಾಟುವಷ್ಟರಲ್ಲಿ ಮಾತು ಕಟ್. ಅಪ್ಪನ ಹಳೇ ರೇಡಿಯೊ ಅಂತೂ ಬರೀ ಗೊರಗೊರ. ಗಾಡಿಯ ಸ್ಪೀಡ್ ಇದಕ್ಕೆ ಕಾರಣವಾ?
– ಓದುಗರು, ಕೊಪ್ಪಳ

ಉತ್ತರ: ಸ್ಪೀಡ್ ಅಲ್ಲ. 4ಜಿಯನ್ನು ಗಂಟೆಗೆ 350 ಕಿ.ಮೀ. ವೇಗಕ್ಕೂ ತಾಳುವಂತೆ ರೂಪಿಸಿದ್ದಾರೆ. ನಿಮ್ಮ ಗಾಡಿ 110ರಲ್ಲಿ ಓಡಿದರೂ ಫೋನಿನ 1800 ಮೆಗಾಹರ್ಟ್ಸ್ ಅಲೆಯ (ಸೆಕೆಂಡಿಗೆ 180 ಕೋಟಿ ಕಂಪನ) ಕಂಪನದಲ್ಲಿ ಓಟದಿಂದ ಆಗುವ ಏರುಪೇರು ಸುಮಾರು 180 ಹರ್ಟ್ಸ್, ಅಂದರೆ ಕೋಟಿಗೆ ಒಂದು ಪಾಲು. ಫೋನ್ ಅದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ.

ಅಡ್ಡ ಬರುವುದು ಬೋಗಿಯೇ. ಸುತ್ತಲೂ ಲೋಹ ಇದ್ದರೆ ಹೊರಗಿನ ವಿದ್ಯುತ್ತಿನ ಪ್ರಭಾವ ಒಳಗೆ ತಟ್ಟುವುದಿಲ್ಲ ಅಂತ ಮೈಕೆಲ್ ಫ್ಯಾರಡೆ 1836ರಲ್ಲೇ ತೋರಿಸಿದ್ದರು. ರೈಲು ಬೋಗಿ ಅಂಥದ್ದೇ ಉಕ್ಕಿನ ಡಬ್ಬ. ಅಲೆಗೆ ಉಳಿಯುವ ದಾರಿ ಕಿಟಕಿ ಒಂದೇ. ಸ್ಲೀಪರ್ ಕಿಟಕಿಯ ಗಾಜು ಎತ್ತಿದರೆ ದಾರಿ ತೆರೆಯಿತು. ಎಸಿಯಲ್ಲಿ ಗಾಜು ಸದಾ ಮುಚ್ಚಿರುತ್ತದೆ. ಬರೀ ಗಾಜಾದರೆ ಅಷ್ಟು ತೊಂದರೆ ಇಲ್ಲ. ಬಿಸಿಲು ತಡೆಯಲು ಅದಕ್ಕೆ ತೆಳ್ಳನೆ ಲೋಹದ ಪದರ ಬಳಿದಿದ್ದರೆ ಸಿಗ್ನಲ್ 20 ಡೆಸಿಬಲ್ ಇಲ್ಲವೇ ಅದಕ್ಕೂ ಜಾಸ್ತಿ ಬೀಳಬಹುದು. 20 ಡೆಸಿಬಲ್ ಅಂದರೆ ನೂರರಲ್ಲಿ ಒಂದು ಪಾಲು ಮಾತ್ರ ಒಳಗೆ! ಜರ್ಮನಿಯ ಸೀಮೆನ್ಸ್ ಕಂಪನಿ ಈ ಪದರದಲ್ಲಿ ಲೇಸರ್‌ನಿಂದ ಸಣ್ಣ ಗೆರೆಗಳನ್ನು ಕೊರೆದು ಅಲೆಗೆ ದಾರಿ ಮಾಡಿಕೊಡುವ ಕಿಟಕಿ ತಯಾರಿಸಿದೆ. ನಮ್ಮ ಬಿಸಿಲು ಸೀಮೆಯ ಗಾಡಿಗಳಿಗೆ ಅಂಥ ಗಾಜು ಬರಲೇಬೇಕು ಅನ್ನುವುದು ನನ್ನ ಆಸೆ.

ನಿಮ್ಮ ದಾರಿಯಲ್ಲಿ ಇನ್ನೊಂದು ತೊಡಕಿದೆ. ಊರು ದಾಟಿದರೆ ಟವರ್‌ಗಳು ದೂರ ದೂರ, ನಡುವೆ ಕಲ್ಲುಗುಡ್ಡಗಳ ಮರೆ ಬೇರೆ. ಹೊರಗೇ ಸಿಗ್ನಲ್ ಬಡಕಲಾಗಿರುವಾಗ ನೂರರಲ್ಲಿ ಒಂದು ಪಾಲು ಯಾತಕ್ಕೂ ಸಾಲದು.

ಅಪ್ಪನ ರೇಡಿಯೊ ವಿಷಯ ಬೇರೆ. ಮೀಡಿಯಂ ವೇವ್ ಅಲೆ ಸುಮಾರು 300 ಮೀಟರ್ ಉದ್ದ. ಕಿಟಕಿಯಂಥ ಸಣ್ಣ ಕಿಂಡಿಯಲ್ಲಿ ಅದು ತೂರುವುದಿಲ್ಲ. ಮೇಲಿನ 25,000 ವೋಲ್ಟ್ ತಂತಿಯಲ್ಲಿ ಕಿಡಿ ಹಾರಿದಾಗಲೆಲ್ಲ ಗೊರಗೊರ ಜಾಸ್ತಿಯಾಗುತ್ತದೆ. ಎಫ್ಎಂ ಅಲೆ 3 ಮೀಟರ್ ಅಷ್ಟೇ, ಕಿಟಕಿಯಲ್ಲಿ ಅಷ್ಟಿಷ್ಟು ತೂರುತ್ತದೆ. ಹೊಸಪೇಟೆ ಆಕಾಶವಾಣಿ ಕೇಳಬೇಕಾದರೆ ಸ್ಲೀಪರ್‌ನಲ್ಲಿ ಏರಿಯಲ್ ಎಳೆದು, ರೇಡಿಯೊವನ್ನು ಕಿಟಕಿ ಸರಳಿನ ಪಕ್ಕಕ್ಕೇ ಹಿಡಿಯಲು ಹೇಳಿ. ಕೈ ಮಾತ್ರ ಹೊರಗೆ ಹಾಕಬೇಡಿ.

ಎಸಿಯಲ್ಲಿ ಒಂದು ಉಪಾಯ ಚೆನ್ನಾಗಿ ನಡೆಯುತ್ತದೆ. ಒಂದು ಫೋನನ್ನು ಕೆಳಗಿನ ಬರ್ತ್‌ನ ಕಿಟಕಿಗೆ ಒರಗಿಸಿ ಹಾಟ್‌ಸ್ಪಾಟ್ ಹಾಕಿ. ಮೇಲಿನ ಬರ್ತ್‌ನಲ್ಲಿ ಮಲಗಿದವರು ವೈಫೈಯಲ್ಲಿ ಅದಕ್ಕೆ ಸೇರಿಕೊಳ್ಳಲಿ. ಅಲೆಯನ್ನು ಹೊರಗೇ ತಡೆಯುವ ಅದೇ ಲೋಹ ವೈಫೈಯನ್ನು ಒಳಗೇ ಪುಟಿಸುತ್ತದೆ, ಹಾಗಾಗಿ ಪಕ್ಕದ ಕೂಪೆವರೆಗೂ ಸಲೀಸಾಗಿ ಸಿಗುತ್ತದೆ. ಗಾಡಿ ನಿಂತಾಗ ಸಿಗ್ನಲ್ ಕಡ್ಡಿ ಬರದಿದ್ದರೆ ಫೋನನ್ನು ನಾಲ್ಕು ಬೆರಳಷ್ಟು ಆಚೀಚೆ ಸರಿಸಿ ನೋಡಿ. ಪುಟಿದ ಅಲೆಗಳು ಒಂದು ಕಡೆ ಕೂಡಿಕೊಂಡು, ಇನ್ನೊಂದು ಕಡೆ ಒಂದನ್ನೊಂದು ಅಳಿಸಿಹಾಕಿರುತ್ತವೆ. 1800 ಮೆಗಾಹರ್ಟ್ಸ್‌ನಲ್ಲಿ ಒಂದು ಒಳ್ಳೆ ಜಾಗದಿಂದ ಇನ್ನೊಂದಕ್ಕೆ ಸುಮಾರು 8 ಸೆಂ.ಮೀ.

5ಜಿ ಬಂದು ಹೋಗಿ ಮಾಡುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಇಳಿಸಿ. ಮಲಗುವಾಗ ಏರೋಪ್ಲೇನ್ ಮೋಡ್ ಹಾಕಿಬಿಡಿ. ಸಿಗ್ನಲ್ ಬಡಕಲಾದಾಗ ಫೋನ್ ಟವರ್‌ಗೆ ತನ್ನ ಪೂರ್ತಿ ಶಕ್ತಿ, ಅಂದರೆ ಸುಮಾರು 200 ಮಿಲಿವ್ಯಾಟ್‌ನಲ್ಲಿ ಕೂಗಬೇಕಾಗುತ್ತದೆ; ಟವರ್ ಸಿಗದೇ ಹೋದರೆ ಅದನ್ನು ಮತ್ತೆ ಮತ್ತೆ ಹುಡುಕುತ್ತಿರುತ್ತದೆ. ದಿಂಬಿನ ಕೆಳಗೆ ಫೋನ್ ಬಿಸಿಯಾಗಿ, ಬೆಳಗ್ಗೆ ಬೆಂಗಳೂರು ಬರುವಷ್ಟರಲ್ಲಿ ಬ್ಯಾಟರಿ ಖಾಲಿಯಾಗುವುದು ಇದರಿಂದಲೇ.