ಬಾಟಲಿಯೊಳಗಿನ ಕೆಂಪು ಬಣ್ಣಕ್ಕೆ ಏನು ಕೆಲಸ?

ಪ್ರಶ್ನೆ: ತಾರಸಿ ತೋಟಕ್ಕೆ ಅಂತ ದ್ಯುತಿಸಂಶ್ಲೇಷಕ ಬ್ಯಾಕ್ಟೀರಿಯಾ ದ್ರಾವಣ ಮಾಡುತ್ತಿದ್ದೇನೆ. ನೀರಿಗೆ ಮೊಟ್ಟೆ, ಟೇಸ್ಟಿಂಗ್ ಪೌಡರ್, ಗೆಳತಿ ಕೊಟ್ಟ ಹಳೇ ದ್ರಾವಣ ಹಾಕಿ ಎರಡು ಬಾಟಲಿ ಬಿಸಿಲಿಗಿಟ್ಟೆ. ಮುಚ್ಚಳ ಸಡಿಲವಿದ್ದದ್ದು ಕೆಂಪಾಯಿತು. ಬಿಗಿಯಾಗಿ ಮುಚ್ಚಿದ್ದು ಹಳದಿ-ಕಂದು ಬಣ್ಣಕ್ಕೇ ನಿಂತಿತು. ಅದು ಕೆಟ್ಟಿದೆ, ಚೆಲ್ಲಿಬಿಡಿ ಅಂತಾರೆ ಪಕ್ಕದ ಮನೆ ಆಂಟಿ. ಕೆಂಪಾದಷ್ಟೂ ಒಳ್ಳೆಯದಾ? ಇದು ಕ್ಯಾರೆಟ್ ಬಣ್ಣವೇ ಅಂತಾನೆ ಮಗ. ನಿಜವಾ?
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಈಗಲೇ ಚೆಲ್ಲಬೇಡಿ. ಮಗ ಹೇಳಿದ್ದು ಬಹುಪಾಲು ಸರಿ. ಈ ಬಣ್ಣ ಕ್ಯಾರೋಟಿನಾಯ್ಡ್‌ಗಳದ್ದು, ಕ್ಯಾರೆಟ್‌ನ ಬೀಟಾ ಕ್ಯಾರೋಟಿನ್ ಕೂಡ ಅದೇ ಕುಟುಂಬದ್ದು.

ಗಿಡಗಳಲ್ಲಿ ಕ್ಲೋರೋಫಿಲ್ ಇರುವ ಹಾಗೆ ಈ ಬ್ಯಾಕ್ಟೀರಿಯಾಗಳಲ್ಲಿ ಬ್ಯಾಕ್ಟೀರಿಯೋಕ್ಲೋರೋಫಿಲ್ ಇದೆ. ಅದಕ್ಕೆ ಬೇಕಾದ್ದು ಹೆಚ್ಚಾಗಿ 800ರಿಂದ 900 ನ್ಯಾನೋಮೀಟರ್ ಆಸುಪಾಸಿನ ಇನ್‌ಫ್ರಾರೆಡ್. ಆ ಬೆಳಕು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ಎಷ್ಟು ಹೀರಿದರೂ ಬಾಟಲಿಯ ಬಣ್ಣ ನೋಡಿ ನಮಗೆ ಗೊತ್ತಾಗುವುದಿಲ್ಲ. ಕ್ಯಾರೋಟಿನಾಯ್ಡ್ ಹೀರುವುದು ಸುಮಾರು 450ರಿಂದ 550ರವರೆಗಿನ ನೀಲಿ, ಹಸಿರು ಬೆಳಕು. ಅವೆರಡೂ ಹೋದ ಮೇಲೆ ಉಳಿದದ್ದು ನಮಗೆ ಕೆಂಪು, ಕಂದು, ಹಳದಿಯಾಗಿ ಕಾಣುತ್ತದೆ.

ಹೀಗೆ ಹೀರಿದ ಬೆಳಕನ್ನು ಅದು ಬ್ಯಾಕ್ಟೀರಿಯೋಕ್ಲೋರೋಫಿಲ್‌ಗೆ ದಾಟಿಸುತ್ತದೆ. ಕೆರೆಯ ಆಳದಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಇನ್‌ಫ್ರಾರೆಡ್ಅನ್ನು ನೀರೇ ಬೇಗ ಹೀರಿಬಿಡುತ್ತದೆ, ಹಸಿರು ಬೆಳಕು ಇನ್ನೂ ಕೆಳಗಿಳಿಯುತ್ತದೆ. ಆದರೆ ಎಲ್ಲ ಕ್ಯಾರೋಟಿನಾಯ್ಡ್‌ಗಳೂ ಈ ಕೆಲಸದಲ್ಲಿ ಒಂದೇ ಸಮ ಅಲ್ಲ. ಸ್ಫೀರಾಯ್ಡೀನ್ ಅನ್ನೋದು ಸುಮಾರು ಶೇ. 90ರಷ್ಟು ದಾಟಿಸಿದರೆ, ಸ್ಪಿರಿಲೋಕ್ಸಾಂಥಿನ್ ದಾಟಿಸುವುದು ಮೂರನೇ ಒಂದು ಭಾಗ.

ಬೆಳಕು ಹಿಡಿಯುವುದಷ್ಟೇ ಇದರ ಕೆಲಸವಾಗಿದ್ದರೆ, ಕ್ಯಾರೋಟಿನಾಯ್ಡ್ ಇಲ್ಲದ ಬ್ಯಾಕ್ಟೀರಿಯಾ ಸ್ವಲ್ಪ ಸೊರಗಬೇಕಿತ್ತು, ಅಷ್ಟೇ ಅಲ್ವಾ? ಆಗಿದ್ದೇ ಬೇರೆ. 1955ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ರೋಜರ್ ಸ್ಟೇನಿಯರ್ ಮತ್ತು ಸಂಗಡಿಗರು ಕ್ಯಾರೋಟಿನಾಯ್ಡ್ ಇಲ್ಲದ ನೀಲಿ-ಹಸಿರು ಬಣ್ಣದ ತಳಿಯೊಂದರ ಬಗ್ಗೆ ಬರೆದರು. ಗಾಳಿ ಇಲ್ಲದೆ ಬೆಳಕು ಮಾತ್ರ ಕೊಟ್ಟರೆ ಅದು ಬೆಳೆಯಿತು. ಕತ್ತಲಲ್ಲಿ ಗಾಳಿ ಕೊಟ್ಟರೂ ಬೆಳೆಯಿತು. ಎರಡನ್ನೂ ಒಟ್ಟಿಗೆ ಕೊಟ್ಟರೆ ಸತ್ತೇಹೋಯಿತು! ದ್ಯುತಿಸಂಶ್ಲೇಷಣೆಯ ಬಗೆಗಿನ ಪ್ರಯೋಗಗಳಲ್ಲಿ ಇಷ್ಟು ಸರಳವಾದ, ಇಷ್ಟು ಖಚಿತವಾದ ಇನ್ನೊಂದು ನನಗಂತೂ ನೆನಪಿಗೆ ಬರುವುದಿಲ್ಲ.

ಕಾರಣ ಹೀಗಿದೆ. ಬ್ಯಾಕ್ಟೀರಿಯೋಕ್ಲೋರೋಫಿಲ್ ಹಿಡಿದ ಶಕ್ತಿ ತಕ್ಷಣ ಮುಂದಕ್ಕೆ ಹೋಗಬೇಕು. ಕೆಲವು ಸಲ ಹೋಗುವುದಿಲ್ಲ, ಅಲ್ಲೇ ಉಳಿದುಬಿಡುತ್ತದೆ. ಹತ್ತಿರ ಆಕ್ಸಿಜನ್ ಇದ್ದರೆ ಆ ಶಕ್ತಿ ಅದಕ್ಕೆ ಹತ್ತಿ ಸಿಂಗ್ಲೆಟ್ ಆಕ್ಸಿಜನ್ ಆಗುತ್ತದೆ. ಇದು ಬಲು ಉಗ್ರ. ಪೊರೆಯ ಕೊಬ್ಬು, ಪ್ರೋಟೀನು, ಡಿಎನ್‌ಎ ಯಾವುದನ್ನೂ ಬಿಡದೆ ಹಾಳು ಮಾಡುತ್ತದೆ. ಕ್ಯಾರೋಟಿನಾಯ್ಡ್ ಇಲ್ಲಿ ಮನೆಯ ಅರ್ತಿಂಗ್ ವೈರ್ ಇದ್ದ ಹಾಗೆ. ಉಳಿದ ಶಕ್ತಿ ಆಕ್ಸಿಜನ್‌ಗೆ ಸಿಗುವ ಮೊದಲೇ ತಾನು ಎಳೆದುಕೊಳ್ಳುತ್ತದೆ, ಶಾಖವಾಗಿ ಬಿಟ್ಟು ಮತ್ತೆ ಮೊದಲಿನಂತಾಗುತ್ತದೆ. ಸಿಂಗ್ಲೆಟ್ ಆಕ್ಸಿಜನ್ ಹುಟ್ಟಿದ್ದರೂ ಅದನ್ನು ತಣಿಸಬಲ್ಲದು. ಇದಕ್ಕಾಗಿ ಅದು ತೀರಾ ಹತ್ತಿರವೇ ಇರಬೇಕು, ಇದೆ ಕೂಡ. ಈ ಬಗೆಯ ಒಂದು ಬ್ಯಾಕ್ಟೀರಿಯಾದಲ್ಲಿ ಬೆಳಕು ಹಿಡಿಯುವ ಉಂಗುರದ ರಚನೆ 1995ರಲ್ಲಿ ಬಿಡಿಸಿಟ್ಟಂತೆ ಗೊತ್ತಾಯಿತು. ಒಂದು ಉಂಗುರದಲ್ಲಿ 27 ಬ್ಯಾಕ್ಟೀರಿಯೋಕ್ಲೋರೋಫಿಲ್, ಅವುಗಳ ನಡುವೆ ಒತ್ತಿಕೊಂಡು 9 ಕ್ಯಾರೋಟಿನಾಯ್ಡ್. ಕೆಲವು ಜಾತಿಗಳಲ್ಲಿ ಕ್ಯಾರೋಟಿನಾಯ್ಡ್ ಇಲ್ಲದಿದ್ದರೆ ಈ ಉಂಗುರ ಕಟ್ಟಿಕೊಳ್ಳುವುದೇ ಇಲ್ಲ.

ಈಗ ನಿಮ್ಮ ಎರಡು ಬಾಟಲಿಗಳ ವಿಷಯ. ರೋಡೋಬ್ಯಾಕ್ಟರ್ ಸ್ಫೀರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಗಾಳಿ ಇಲ್ಲದಿದ್ದಾಗ ಹಳದಿ-ಕಂದು ಬಣ್ಣದ ಸ್ಫೀರಾಯ್ಡೀನ್ ಇಟ್ಟುಕೊಂಡಿರುತ್ತದೆ. ಸ್ವಲ್ಪ ಗಾಳಿ ಸಿಕ್ಕರೆ ಅದಕ್ಕೇ ಒಂದು ಆಕ್ಸಿಜನ್ ಸೇರಿ ಸ್ಫೀರಾಯ್ಡಿನೋನ್ ಆಗುತ್ತದೆ, ದ್ರಾವಣ ಕೆಂಪಗಾಗುತ್ತದೆ. ನಿಮ್ಮ ಹಳೇ ದ್ರಾವಣದಲ್ಲಿ ಇದ್ದದ್ದು ಇಂಥದ್ದೇ ಜಾತಿಯಾಗಿದ್ದರೆ, ಬಿಗಿಯಾಗಿ ಮುಚ್ಚಿದ ಬಾಟಲಿ ಕಂದಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಬೇರೆ ಜಾತಿಗಳು ಗಾಳಿ ಇಲ್ಲದೆಯೂ ಕೆಂಪಗಿರುತ್ತವೆ. ಆದ್ದರಿಂದ ಬರೀ ಕೆಂಪು ನೋಡಿ ಗುಣಮಟ್ಟ ಅಳೆಯಬೇಡಿ. ದ್ರಾವಣ ಎಲೆಯಂಥ ಹಸಿರಿಗೆ ತಿರುಗಿದ್ದರೆ ಮಾತ್ರ ಪಾಚಿ ಬೆಳೆದಿರುವ ಅನುಮಾನ ಪಡಿ.

ಅಂಗಡಿಯಲ್ಲಿ ಕೊಳ್ಳುವಾಗ ಒಂದು ಎಚ್ಚರ: ದ್ಯುತಿಸಂಶ್ಲೇಷಕ ಬ್ಯಾಕ್ಟೀರಿಯಾಕ್ಕೆ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಪಿಎಸ್‌ಬಿ ಅನ್ನುತ್ತಾರೆ, ಆದರೆ ಲೇಬಲ್‌ನಲ್ಲಿ ಹಾಗಿದ್ದರೆ ಪೂರ್ತಿ ಓದಿ. ರಂಜಕ ಕರಗಿಸುವ ಬೇರೆ ಬ್ಯಾಕ್ಟೀರಿಯಾ ಗೊಬ್ಬರಕ್ಕೂ ನಮ್ಮಲ್ಲಿ ಅದೇ ಹೆಸರು. ಕೆಂಪು ನಿಜವಾ, ಬಣ್ಣ ಹಾಕಿದ್ದಾ ಎಂಬ ಸಂಶಯವಿದ್ದರೆ ಅಲ್ಲಾಡಿಸದೆ ಇಟ್ಟು ನೋಡಿ. ಕ್ಯಾರೋಟಿನಾಯ್ಡ್ ನೀರಿನಲ್ಲಿ ಕರಗುವುದಿಲ್ಲ. ಬ್ಯಾಕ್ಟೀರಿಯಾ ತಳಕ್ಕೆ ಇಳಿದರೆ ಬಣ್ಣವೂ ಜೊತೆಗೆ ಇಳಿಯುತ್ತದೆ.

ಕ್ಯಾರೆಟ್ ಸಂಬಂಧಿ ಅಂತ ಯಾರೂ ಕುಡಿಯಲು ಹೋಗಬೇಡಿ. ಈ ಸ್ಫೀರಾಯ್ಡೀನ್, ಸ್ಪಿರಿಲೋಕ್ಸಾಂಥಿನ್‌ಗಳಿಂದ ನಮ್ಮ ದೇಹ ವಿಟಮಿನ್ ಎ ಮಾಡಿಕೊಳ್ಳಲಾರದು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಹಾಗಾಗಿ ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನದ ಎಲೆ ಮೇಲೆ ಸಿಂಪಡಿಸಬೇಡಿ. ಬಿಗಿ ಮುಚ್ಚಿದ ಬಾಟಲಿಯಲ್ಲಿ ಗ್ಯಾಸ್ ತುಂಬಿರುತ್ತದೆ. ಮುಖ ದೂರವಿಟ್ಟು ಮೆಲ್ಲಗೆ ತೆರೆಯಿರಿ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್, ಬಾಲ್ಕನಿಗೆ ಬಿಸಿಲೇ ಬರಲ್ಲ. ಇದನ್ನು ಎಲ್‌ಇಡಿ ಬಲ್ಬ್ ಕೆಳಗೆ ಬೆಳೆಸಬಹುದಾ?
— ಓದುಗರು, ಮಾರತಹಳ್ಳಿ

ಉತ್ತರ: ನಿಧಾನಕ್ಕೆ ಬೆಳೆದೀತು. ಮನೆಯ ಬಿಳಿ ಎಲ್‌ಇಡಿಯಲ್ಲಿ ಇನ್‌ಫ್ರಾರೆಡ್ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಬ್ಯಾಕ್ಟೀರಿಯಾ ಬಹುಪಾಲು ಕ್ಯಾರೋಟಿನಾಯ್ಡ್ ಹಿಡಿದು ಕೊಡುವ ಬೆಳಕನ್ನೇ ನೆಚ್ಚಿಕೊಳ್ಳಬೇಕು. ತಂತಿ ಕಾದು ಉರಿಯುವ ಹಳೇ ಹಳದಿ ಬಲ್ಬ್ ಸಿಕ್ಕರೆ ಅದೇ ಮೇಲು. ಕರೆಂಟ್ ಜಾಸ್ತಿ ತಿನ್ನುತ್ತದೆ ನಿಜ, ಆದರೆ ಇನ್‌ಫ್ರಾರೆಡ್ ಧಾರಾಳವಾಗಿ ಕೊಡುತ್ತದೆ. ಲ್ಯಾಬ್‌ಗಳಲ್ಲೂ ಅಂಥ ಬಲ್ಬ್ ಬಳಸಿಯೇ ಇವನ್ನು ಬೆಳೆಸಿಕೊಂಡು ಬಂದಿದ್ದಾರೆ. ಬಾಟಲಿ ಬಿಸಿಯಾಗದಷ್ಟು ದೂರದಲ್ಲಿಡಿ.